ನೀರಿನ ಗಡ್ಡೆ, ಸೂಜಿಯ ಮೊನೆ

ಕಿಡ್ನಿಯಲ್ಲಿ ಕಲ್ಲಿರಬಹುದೆಂಬ ಅನುಮಾನಕ್ಕೋ, ಗ್ಯಾಸ್ಟ್ರಿಕ್ ಕಾಟಕ್ಕೋ, ಮಕ್ಕಳು ದುಡ್ಡು ಕಟ್ಟಿದ್ದಾರೆಂಬ ಕಾರಣಕ್ಕೆ ಮಾಡಿಸಿದ ಹೆಲ್ತ್ ಚೆಕಪ್ಪಿಗೋ ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಯಲ್ಲಿ ಕೆಲವೊಮ್ಮೆ ಕೇಳದ ಸಂಗತಿಯೊಂದು ಬಂದು ಕೂತಿರುತ್ತದೆ: ಲಿವರ್‌ನಲ್ಲಿ ಸಿಸ್ಟ್. ಹುಡುಕಲು ಹೋದದ್ದು ಕಲ್ಲು, ಸಿಕ್ಕಿದ್ದು ನೀರಿನ ಗಡ್ಡೆ. ಆಟೊ ಹತ್ತಿ ಮನೆ ಸೇರುವಷ್ಟರಲ್ಲಿ ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿ ಅರ್ಧ ಜೀವ ಇಳಿದಿರುತ್ತದೆ.

ಇಳಿಯಬೇಕಾಗಿಲ್ಲ. ಲಿವರ್‌ನ ಸಾದಾ ಸಿಸ್ಟ್‌ಗಳು ಬಹಳ ಸಾಮಾನ್ಯ. ಬೇರೆ ಬೇರೆ ಅಧ್ಯಯನಗಳು ಕೊಡುವ ಅಂದಾಜು ವಯಸ್ಕರಲ್ಲಿ ಶೇ 2.5ರಿಂದ ಶೇ 18ರವರೆಗೆ ಹೋಗುತ್ತದೆ. ವಯಸ್ಸಾದಂತೆ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಭ್ರೂಣಾವಸ್ಥೆಯಲ್ಲಿ ಪಿತ್ತನಾಳದ ಮುಖ್ಯ ಜಾಲಕ್ಕೆ ಸೇರದೆ ಒಂಟಿಯಾಗಿ ಉಳಿದ ಕವಲೊಂದು ಒಳಗೊಳಗೇ ನೀರು ಸ್ರವಿಸುತ್ತ ಹಿಗ್ಗುತ್ತದೆ, ಅಷ್ಟೆ. ಇಂಥವುಗಳಲ್ಲಿ ಬಹುಪಾಲು ಆಯುಷ್ಯ ಪೂರ್ತಿ ಸುಮ್ಮನಿರುತ್ತವೆ. ನೋವಿಲ್ಲ, ಜ್ವರವಿಲ್ಲ, ಕ್ಯಾನ್ಸರ್ ಆಗುವುದಿಲ್ಲ. ಇವಕ್ಕೆ ಚಿಕಿತ್ಸೆ ಏನೆಂದರೆ ಏನೂ ಮಾಡದಿರುವುದು. ಯುರೋಪಿನ ಯಕೃತ್ ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ತೊಂದರೆ ಕೊಡದ ಸಾದಾ ಸಿಸ್ಟಿಗೆ ಪದೇ ಪದೇ ಸ್ಕ್ಯಾನ್ ಮಾಡಿಸುವ ಅಗತ್ಯವೂ ಇಲ್ಲ ಎನ್ನುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಕೊಯ್ಯದೆ, ಹೊಲಿಯದೆ, ಒಂದೇ ದಿನದಲ್ಲಿ ಮನೆಗೆ’ ಎಂಬ ಜಾಹೀರಾತಿನ ಫಲಕಗಳು ಊರ ತುಂಬ ನಿಂತಿರುವಾಗ, ಮಾಡುವುದು ಸುಲಭವಾಯಿತು ಅನ್ನುವ ಒಂದೇ ಕಾರಣಕ್ಕೆ ಬೇಡದ್ದನ್ನೂ ಮಾಡಿಸಿಕೊಳ್ಳುವವರಿದ್ದಾರೆ.

ತೊಂದರೆ ಶುರುವಾಗುವುದು ಗಾತ್ರದಿಂದ. 10 ಸೆಂ.ಮೀ. ಅಡ್ಡಳತೆಯ ಗುಂಡನೆಯ ಸಿಸ್ಟ್‌ನಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರಿರುತ್ತದೆ. 15 ಸೆಂ.ಮೀ. ಆದರೆ ಅದು ಒಂದೂವರೆಪಟ್ಟಾಗುವುದಿಲ್ಲ, ಮೂರು ಪಟ್ಟನ್ನು ದಾಟಿ ಒಂದೂಮುಕ್ಕಾಲು ಲೀಟರಾಗುತ್ತದೆ. ಅಷ್ಟು ಭಾರವನ್ನು ಬಲ ಪಕ್ಕೆಲುಬಿನ ಕೆಳಗೆ ಹೊತ್ತವರು ಹೇಳುವ ದೂರುಗಳು ಹೆಚ್ಚೂಕಡಿಮೆ ಒಂದೇ: ಅರ್ಧ ರೊಟ್ಟಿ ತಿಂದರೆ ಹೊಟ್ಟೆ ಬಿಗಿಯುತ್ತದೆ, ಬಗ್ಗಿ ಬಕೆಟ್ ಎತ್ತಲು ಆಗುವುದಿಲ್ಲ, ಬಲಮಗ್ಗುಲಾಗಿ ಮಲಗಿದರೆ ಒತ್ತುತ್ತದೆ, ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಅಪರೂಪಕ್ಕೆ ಪಿತ್ತನಾಳ ಒತ್ತಿಹೋಗಿ ಕಾಮಾಲೆ ಬರುತ್ತದೆ, ಇಲ್ಲವೇ ಒಳಗೆ ರಕ್ತ ಸೋರಿ ಇದ್ದಕ್ಕಿದ್ದಂತೆ ನೋವು ಕಾಣಿಸಿಕೊಳ್ಳುತ್ತದೆ. ಆಗ ಏನಾದರೂ ಮಾಡಲೇಬೇಕು.

ನೀರು ತಾನೇ, ಸೂಜಿ ಹಾಕಿ ತೆಗೆದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ತೆಗೆಯಬಹುದು, ಅಂದು ಸಂಜೆಯೇ ಹಗುರ ಅನ್ನಿಸುತ್ತದೆ. ಆದರೆ ನೀರನ್ನು ಸ್ರವಿಸುವ ಒಳಪೊರೆ ಅಲ್ಲೇ ಇರುವುದರಿಂದ ಕೆಲವೇ ವಾರ, ತಿಂಗಳುಗಳಲ್ಲಿ ಚೀಲ ಮತ್ತೆ ತುಂಬುತ್ತದೆ. ಹಾಗಾಗಿ ಬರಿದಾದ ಚೀಲದೊಳಗೆ ಶುದ್ಧ ಆಲ್ಕೊಹಾಲ್ ತುಂಬಿ, ಒಂದಿಷ್ಟು ಹೊತ್ತು ರೋಗಿಯನ್ನು ಆ ಮಗ್ಗುಲು ಈ ಮಗ್ಗುಲು ಹೊರಳಿಸಿ, ಪೊರೆಯ ಜೀವಕೋಶಗಳೆಲ್ಲ ಸತ್ತ ಮೇಲೆ ಆಲ್ಕೊಹಾಲನ್ನು ಹೊರಗೆಳೆಯುವ ಉಪಾಯ ಬಂತು. ಬೀನ್ ಮತ್ತು ರೋಡನ್ ಎಂಬ ಅಮೆರಿಕದ ವೈದ್ಯರು ಇದರ ಬಗ್ಗೆ ಬರೆದದ್ದು 1985ರಲ್ಲಿ. ಈಗ ಆಲ್ಕೊಹಾಲ್ ಬದಲು ಉಬ್ಬಿದ ರಕ್ತನಾಳಗಳಿಗೆ ಬಳಸುವ ಪಾಲಿಡೊಕನಾಲ್‌ನಂಥ ಔಷಧಗಳನ್ನೂ ಬಳಸುತ್ತಾರೆ. ಆಲ್ಕೊಹಾಲ್ ಹಾಕುವ ಮುನ್ನ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಬಿಟ್ಟು ನೋಡಲೇಬೇಕು. ಚೀಲಕ್ಕೂ ಪಿತ್ತನಾಳಕ್ಕೂ ಸಂಪರ್ಕವಿದ್ದರೆ ಆಲ್ಕೊಹಾಲ್ ನಾಳಗಳನ್ನು ಸುಟ್ಟುಹಾಕುತ್ತದೆ, ಆ ಹಾನಿ ಸರಿಹೋಗುವಂಥದ್ದಲ್ಲ. ಅಂದಹಾಗೆ, ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಕೆಲವರು ಈ ಚಿಕಿತ್ಸೆಯ ಬಳಿಕ ಸ್ವಲ್ಪ ಹೊತ್ತು ಅಮಲಿನಲ್ಲಿರುವುದೂ ಉಂಟು. ಪೊರೆಯ ಮೂಲಕ ಅಷ್ಟಿಷ್ಟು ರಕ್ತಕ್ಕೆ ಸೇರಿಬಿಡುತ್ತದೆ.

ಈ ಚಿಕಿತ್ಸೆಯ ಬಗ್ಗೆ ರೋಗಿಗಳಿಗೆ ಮೊದಲೇ ಹೇಳದಿದ್ದರೆ ಜಗಳಕ್ಕೆ ದಾರಿಯಾಗುವ ವಿಷಯವೊಂದಿದೆ. ಮುಗಿದ ಕೆಲವು ವಾರಗಳಲ್ಲಿ ಸ್ಕ್ಯಾನ್ ಮಾಡಿಸಿದರೆ ಸಿಸ್ಟ್ ಮತ್ತೆ ತುಂಬಿಕೊಂಡಂತೆ ಕಾಣುತ್ತದೆ. ‘ಡಾಕ್ಟರು ಕೈಕೊಟ್ಟರು’ ಎಂದು ಬೇರೆ ಆಸ್ಪತ್ರೆಗೆ ಓಡುವವರು ಈ ಹೊತ್ತಿನಲ್ಲೇ ಓಡುವುದು. ನಿಜವೇನೆಂದರೆ ಗಾಯಗೊಂಡ ಗೋಡೆ ಮೊದಲು ಒಸರುತ್ತದೆ, ಆಮೇಲೆ ನಿಧಾನವಾಗಿ ಒಣಗಿ ಕುಗ್ಗುತ್ತದೆ. ಫಲಿತಾಂಶ ನೋಡಲು ಕನಿಷ್ಠ ಆರು ತಿಂಗಳು ಬಿಡಬೇಕು. ಆ ತಾಳ್ಮೆ ಇದ್ದವರಲ್ಲಿ ಸಿಸ್ಟ್‌ನ ಗಾತ್ರ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿರುವುದನ್ನು ಅಧ್ಯಯನಗಳು ತೋರಿಸಿವೆ.

ಇನ್ನೊಂದು ದಾರಿ ಲ್ಯಾಪರೊಸ್ಕೋಪಿ. ಅದರಲ್ಲಿ ಮಾಡುವ ಶಸ್ತ್ರಕ್ರಿಯೆಯ ಮೂಲ ತೈವಾನಿನಲ್ಲಿದೆ. ಅಲ್ಲಿನ ಶಸ್ತ್ರವೈದ್ಯ ಲಿನ್ 1968ರಲ್ಲಿ, ಸಿಸ್ಟನ್ನು ಬೇರುಸಮೇತ ಕಿತ್ತುಹಾಕುವ ಸಾಹಸ ಬೇಕಿಲ್ಲ, ಲಿವರ್‌ನ ಮೇಲ್ಮೈಯಿಂದ ಹೊರಕ್ಕೆ ಉಬ್ಬಿದ ಅದರ ಮಾಡನ್ನು ಕತ್ತರಿಸಿದರೆ ಸಾಕು ಎಂದು ತೋರಿಸಿಕೊಟ್ಟರು. ಮಾಡಿಲ್ಲದ ಚೀಲದಿಂದ ಒಸರಿದ ನೀರು ಹೊಟ್ಟೆಯ ಕುಹರಕ್ಕೆ ಬೀಳುತ್ತದೆ, ಅಲ್ಲಿನ ಪೊರೆ ಹೀರಿಕೊಳ್ಳುತ್ತದೆ. ಲಿನ್ ಇದನ್ನು ಹೊಟ್ಟೆ ತೆರೆದು ಮಾಡಿದರು. 1991ರ ಹೊತ್ತಿಗೆ ಅದೇ ಕೆಲಸವನ್ನು ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಮಾಡಿದ ವರದಿಗಳು ಯುರೋಪಿನಿಂದ ಬಂದವು. ಹತ್ತರಲ್ಲಿ ಒಂಬತ್ತು ಮಂದಿಗೆ ಆರಾಮ ಸಿಗುತ್ತದೆ. ಸಿಸ್ಟ್ ಲಿವರ್‌ನ ಆಳದಲ್ಲಿ ಹುದುಗಿದ್ದರೆ, ಅಥವಾ ಬೆನ್ನಿನ ಕಡೆ ವಪೆಗೆ ಒತ್ತಿಕೊಂಡಿದ್ದರೆ ಈ ದಾರಿ ಕಷ್ಟ. ಅಲ್ಲಿ ಸೂಜಿಯೇ ವಾಸಿ. ಲ್ಯಾಪರೊಸ್ಕೋಪಿಯಲ್ಲಿ ಒಂದು ಹೆಚ್ಚಿನ ಲಾಭವಿದೆ: ಕತ್ತರಿಸಿದ ಗೋಡೆಯ ತುಂಡು ಪೆಥಾಲಜಿಯವರ ಕೈಗೆ ಸಿಗುತ್ತದೆ. ಸಾದಾ ಸಿಸ್ಟ್‌ನಂತೆಯೇ ಕಂಡು, ಒಳಗೆ ಅಡ್ಡಗೋಡೆಗಳನ್ನು ಬೆಳೆಸಿಕೊಂಡು, ಮುಂದೆ ಕ್ಯಾನ್ಸರ್ ಆಗಬಲ್ಲ ಲೋಳೆ ಗಡ್ಡೆಯೊಂದಿದೆ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಬರುತ್ತದೆ. ಅದನ್ನು ಚುಚ್ಚುವಂತಿಲ್ಲ, ಮಾಡು ಕತ್ತರಿಸಿ ಬಿಡುವಂತಿಲ್ಲ, ಇಡಿಯಾಗಿ ತೆಗೆಯಬೇಕು.

ಅಂದರೆ ಸೂಜಿಯೋ ರಂಧ್ರವೋ ಎಂಬುದು ಎರಡನೆಯ ಪ್ರಶ್ನೆ. ಆ ಚೀಲದಲ್ಲಿರುವುದು ಏನು ಎಂಬುದು ಮೊದಲನೆಯದು. ಜ್ವರ, ನಡುಕ ಇದ್ದರೆ ಅದು ಸಾದಾ ಸಿಸ್ಟ್ ಅಲ್ಲದೆ ಕೀವು ತುಂಬಿದ ಕುರುವಾಗಿರಬಹುದು. ನಮ್ಮ ಭಾಗದಲ್ಲಿ ಕುರಿ, ನಾಯಿಗಳ ನಡುವೆ ಬದುಕಿದವರಿಗಾದರೆ ಇನ್ನೊಂದನ್ನು ಮರೆಯುವಂತೆಯೇ ಇಲ್ಲ: ಹೈಡಾಟಿಡ್.

ಮಟನ್ ಅಂಗಡಿಯವರಿಗೆ ಇದರ ಪರಿಚಯ ಡಾಕ್ಟರುಗಳಿಗಿಂತ ಹಳೆಯದು. ಕುರಿಯ ಲಿವರನ್ನು ಹಲಗೆಯ ಮೇಲೆ ಹರಡಿದಾಗ ಕೆಲವೊಮ್ಮೆ ಬಿಳಿಯ ಗುಳ್ಳೆಯೊಂದು ಎದ್ದು ಕಾಣುತ್ತದೆ. ಚಾಕು ತಾಗಿದರೆ ನೀರು ಚಿಮ್ಮುತ್ತದೆ. ಗಿರಾಕಿ ಮುಖ ಸಿಂಡರಿಸುವ ಮೊದಲೇ ಕಟುಕ ಆ ಭಾಗವನ್ನು ಕೊಯ್ದು ಹಿಂದಕ್ಕೆ ಎಸೆಯುತ್ತಾನೆ. ಹಿಂದೆ ಕಾದು ಕೂತಿರುವುದು ನಾಯಿ. ಮಾರಿಹಬ್ಬದಲ್ಲಿ, ಬೀಗರೂಟದಲ್ಲಿ, ಹರಕೆಯ ಜಾತ್ರೆಯಲ್ಲಿ ಬಯಲಲ್ಲೇ ಕುರಿ ಬೀಳುವಾಗಲೂ ಇದೇ ನಡೆಯುತ್ತದೆ. ರೋಗದ ಚಕ್ರ ತಿರುಗುವುದಕ್ಕೆ ಅಷ್ಟು ಸಾಕು. ಗುಳ್ಳೆಯೊಳಗಿನ ಹುಳುವಿನ ಸಾವಿರಾರು ಸೂಕ್ಷ್ಮ ತಲೆಗಳು ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುಗಳಾಗುತ್ತವೆ. ಅವುಗಳ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಿದ್ದು ಹುಲ್ಲು, ಸೊಪ್ಪು, ನೀರು, ನಾಯಿಯ ಮೈಕೂದಲು ಎಲ್ಲವನ್ನೂ ಸೇರುತ್ತದೆ. ಕುರಿ ಮೇಯುತ್ತ ನುಂಗಿದರೆ ಚಕ್ರ ಪೂರ್ಣ. ಮನುಷ್ಯ ನಾಯಿ ಸವರಿದ ಕೈಯಲ್ಲೋ ತೊಳೆಯದ ಸೊಪ್ಪಿನಲ್ಲೋ ನುಂಗಿದರೆ, ಹುಳುವಿನ ಮಟ್ಟಿಗೆ ಅದು ದಾರಿ ತಪ್ಪಿದ ಪಯಣ. ಮೊಟ್ಟೆಯಿಂದ ಹೊರಬಂದ ಮರಿ ಕರುಳಿನ ಗೋಡೆ ಕೊರೆದು ರಕ್ತದೊಡನೆ ಮೊದಲು ತಲುಪುವ ಜಾಗ ಲಿವರ್. ಸುಮಾರು ಶೇ 70ರಷ್ಟು ಪ್ರಕರಣಗಳಲ್ಲಿ ಅಲ್ಲೇ ನೆಲೆಯೂರುತ್ತದೆ. ಗುಳ್ಳೆಯಿದ್ದ ಮಾಂಸ ತಿಂದವರಿಗೆ ಮಾಂಸದಿಂದ ಇದು ಬರುವುದಿಲ್ಲ. ಮೊಟ್ಟೆ ಸೇರಿದ ಸೊಪ್ಪನ್ನು ತೊಳೆಯದೆ ತಿಂದ ಶುದ್ಧ ಸಸ್ಯಾಹಾರಿಗೆ ಬರಬಹುದು.

ಒಳಗೆ ಸೇರಿದ ಮರಿ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಸದ್ದಿಲ್ಲದೆ ದೊಡ್ಡದಾಗುತ್ತದೆ. ಬಾಲ್ಯದಲ್ಲಿ ನುಂಗಿದ್ದು ನಲವತ್ತರಲ್ಲಿ ಕಾಣಿಸಿಕೊಳ್ಳಬಹುದು. ಎಳನೀರು ಒಡೆದು ನೋಡಿದವರಿಗೆ ಇದರ ರಚನೆ ವಿವರಿಸುವುದು ಕಷ್ಟವಲ್ಲ: ಹೊರಗೆ ನಮ್ಮ ದೇಹವೇ ಕಟ್ಟಿದ ಗಟ್ಟಿ ಗೋಡೆ, ಅದಕ್ಕೆ ಅಂಟಿದಂತೆ ಎಳೆ ಗಂಜಿಯಂಥ ಬಿಳಿ ಪದರ, ನಡುವೆ ತಿಳಿನೀರು. ಗಂಜಿಯ ಒಳಮೈಗೆ ಮಾತ್ರ ಜೀವವಿದೆ. ಹೊಸ ತಲೆಗಳು ಮೊಳೆಯುವುದು ಅಲ್ಲಿ. ಅವು ಉದುರಿ ತಳದಲ್ಲಿ ಮರಳಿನಂತೆ ಕೂರುತ್ತವೆ.

ಈ ತಿಳಿನೀರು ಶಸ್ತ್ರವೈದ್ಯರನ್ನು ನೂರು ವರ್ಷ ಹೆದರಿಸಿತು. ಫ್ರಾನ್ಸಿನ ಫೆಲಿಕ್ಸ್ ದೆವೆ 1901ರಲ್ಲಿ, ಒಡೆದ ಹೈಡಾಟಿಡ್‌ನಿಂದ ಚೆಲ್ಲಿದ ಒಂದೊಂದು ತಲೆಯೂ ಹೊಟ್ಟೆಯೊಳಗೆ ಹೊಸ ಸಿಸ್ಟಾಗಿ ಬೆಳೆಯಬಲ್ಲದೆಂದು ತೋರಿಸಿದ್ದರು. ಮೇಲಾಗಿ ಆ ನೀರು ರಕ್ತಕ್ಕೆ ಸೇರಿದರೆ ತೀವ್ರ ಅಲರ್ಜಿಯಿಂದ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಹಾಗಾಗಿ ‘ಹೈಡಾಟಿಡ್ ಅನುಮಾನವಿದ್ದರೆ ಸೂಜಿ ಮುಟ್ಟಿಸಬೇಡ’ ಎಂಬುದು ವೈದ್ಯ ವಿದ್ಯಾರ್ಥಿಗಳು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದ ಪಾಠ. ಚೆಲ್ಲದಂತೆ ತೆರೆಯುವುದಕ್ಕೆ ಹಿಂದಿನವರು ಏನೆಲ್ಲ ಮಾಡಿದ್ದಾರೆಂಬುದನ್ನು ಓದಿದರೆ ಮೈ ನಡುಗುತ್ತದೆ. 19ನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಯೋನ್ ಫಿನ್ಸೆನ್ ಎಂಬ ವೈದ್ಯ ರೋಗಿಯ ಹೊಟ್ಟೆಯ ಚರ್ಮದ ಮೇಲೆ ಕಟುಕ್ಷಾರ ಹಚ್ಚಿ, ದಿನದಿನಕ್ಕೆ ಒಂದೊಂದೇ ಪದರ ಸುಟ್ಟುಕೊಂಡು ಒಳಗಿಳಿಯುತ್ತಿದ್ದ. ಸುಟ್ಟ ಗಾಯಕ್ಕೆ ಸಿಸ್ಟ್‌ನ ಗೋಡೆ ಅಂಟಿಕೊಂಡ ಮೇಲಷ್ಟೇ ಅದನ್ನು ಹೊರಕ್ಕೆ ತೆರೆಯುವುದು. ಕ್ರೂರ ಅನ್ನಿಸಿದರೂ ತರ್ಕ ಸರಿಯಿತ್ತು. ನೀರು ಹೊಟ್ಟೆಯೊಳಗೆ ಚೆಲ್ಲುತ್ತಿರಲಿಲ್ಲ.

ಪಾಠ ಬದಲಾದದ್ದು ಉತ್ತರ ಆಫ್ರಿಕಾದ ಟ್ಯುನೀಷಿಯಾದಿಂದ. ಕುರಿ ಸಾಕುವ ಆ ದೇಶದಲ್ಲಿ ಹೈಡಾಟಿಡ್ ರೋಗಿಗಳಿಗೆ ಕೊರತೆಯಿರಲಿಲ್ಲ. 1981ರಲ್ಲಿ ಅಲ್ಲಿನ ಹಸನ್ ಗರ್ಬಿ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಪರದೆಯ ಮೇಲೆ ಈ ಸಿಸ್ಟ್ ಬೇರೆ ಬೇರೆ ಹಂತಗಳಲ್ಲಿ ಹೇಗೆ ಕಾಣುತ್ತದೆಂದು ವರ್ಗೀಕರಿಸಿದರು. ಕಣ್ಣಿಗೆ ಕಾಣುವಂತಾದ ಮೇಲೆ ಧೈರ್ಯ ಬಂತು. ಸಾದಾ ಸಿಸ್ಟೆಂದುಕೊಂಡು ಹೈಡಾಟಿಡ್ಡನ್ನು ಚುಚ್ಚಿಬಿಟ್ಟ ರೋಗಿಗಳು ಅಲ್ಲಲ್ಲಿ ಬದುಕುಳಿದಿದ್ದ ವರದಿಗಳೂ ಇದ್ದವು. 1980ರ ದಶಕದ ನಡುವಿನಲ್ಲಿ ಬೆನ್ ಅಮೋರ್ ತಂಡ ಮೊದಲು ಕುರಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ, ಬೇಕೆಂದೇ ಸೂಜಿ ಹಾಕಿತು. ಚುಚ್ಚು, ಹೀರು, ಮದ್ದು ಬಿಡು, ಮತ್ತೆ ಹೀರು. ಈ ನಾಲ್ಕು ಹೆಜ್ಜೆಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ಪೇರ್’ ಎಂದು ಹೆಸರಾಯಿತು.

ಅದನ್ನು ಶಸ್ತ್ರಚಿಕಿತ್ಸೆಯ ಎದುರು ತಕ್ಕಡಿಗೆ ಹಾಕಿ ತೂಗಿದ್ದು ನಮ್ಮ ದೇಶದಲ್ಲೇ. ಕಾಶ್ಮೀರದ ಗುಜ್ಜರ್, ಬಕರ್‌ವಾಲ್ ಕುರಿಗಾಹಿಗಳು ಹಿಂಡು ಮತ್ತು ನಾಯಿಗಳೊಡನೆ ಬೇಸಿಗೆಗೆ ಬೆಟ್ಟ ಹತ್ತುತ್ತಾರೆ, ಚಳಿಗಾಲಕ್ಕೆ ಇಳಿಯುತ್ತಾರೆ. ಆ ಸೀಮೆಯಲ್ಲಿ ಈ ರೋಗ ಮೊದಲಿನಿಂದ ಇದೆ. ಶ್ರೀನಗರದ ಸೌರಾದಲ್ಲಿರುವ ಶೇರ್-ಇ-ಕಾಶ್ಮೀರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಮೊಹಮ್ಮದ್ ಸುಲ್ತಾನ್ ಖುರೂ, 1978ರ ಕಾಶ್ಮೀರದ ಕಾಮಾಲೆ ಪಿಡುಗಿನ ಬೆನ್ನುಹತ್ತಿ ಮುಂದೆ ಹೆಪಟೈಟಿಸ್ ಇ ಎಂದು ಹೆಸರಾದ ರೋಗವನ್ನು ಗುರುತಿಸಿದವರು. ಅವರ ತಂಡ 50 ಹೈಡಾಟಿಡ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 25 ಮಂದಿಗೆ ಸೂಜಿ ಮತ್ತು ಅಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆ, 25 ಮಂದಿಗೆ ಆಪರೇಷನ್ ಮಾಡಿತು. ಸಿಸ್ಟ್ ಕುಗ್ಗಿದ ಪ್ರಮಾಣ ಹೆಚ್ಚೂಕಡಿಮೆ ಒಂದೇ. ಆದರೆ ಸೂಜಿಯವರು ಆಸ್ಪತ್ರೆಯಲ್ಲಿದ್ದದ್ದು ಸರಾಸರಿ 4.2 ದಿನ, ಆಪರೇಷನ್ ಆದವರು 12.7 ದಿನ. ತೊಡಕುಗಳು ಸೂಜಿಯವರಲ್ಲಿ ಶೇ 32, ಆಪರೇಷನ್ ಆದವರಲ್ಲಿ ಶೇ 84. 1997ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಈ ಲೇಖನ ಜಗತ್ತಿನ ಪಠ್ಯಪುಸ್ತಕಗಳ ಸಾಲುಗಳನ್ನು ತಿದ್ದಿಸಿತು. ಕಣಿವೆ ಹೊತ್ತಿ ಉರಿಯುತ್ತಿದ್ದ ವರ್ಷಗಳಲ್ಲಿ ನಡೆದ ಕೆಲಸ ಇದೆಂದು ನೆನೆದರೆ ಗೌರವ ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಅಲರ್ಜಿಯ ಭಯ ಸುಳ್ಳೇ? ಸುಳ್ಳಲ್ಲ, ಅತಿಯಾಗಿತ್ತು. ಸುಮಾರು 6,000 ಚುಚ್ಚುವಿಕೆಗಳ ಲೆಕ್ಕ ಹಾಕಿದ 2011ರ ಒಂದು ಸಮೀಕ್ಷೆಯಲ್ಲಿ ಅಲರ್ಜಿಯಿಂದ ಸತ್ತವರು ಇಬ್ಬರು, ಅಲರ್ಜಿಯಾಗಿ ಸುಧಾರಿಸಿಕೊಂಡವರು ನೂರರ ಹತ್ತಿರ. ಆ ಇಬ್ಬರನ್ನು ನೆನಪಿಟ್ಟುಕೊಂಡೇ ಈ ಚಿಕಿತ್ಸೆಯ ಕೋಣೆ ಸಜ್ಜಾಗುತ್ತದೆ. ಅರಿವಳಿಕೆ ವೈದ್ಯರು ಪಕ್ಕದಲ್ಲಿರುತ್ತಾರೆ, ಕೈಗೆ ಡ್ರಿಪ್ ಹಾಕಿರುತ್ತಾರೆ, ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಟ್ರೇಯಲ್ಲಿಟ್ಟಿರುತ್ತದೆ. ರೋಗಿ ಅಲ್ಬೆಂಡಜೋಲ್ ನುಂಗಿಯೇ ಬಂದಿರುತ್ತಾನೆ. ರೋಗಿಗೆ ಎಚ್ಚರವಿರುತ್ತದೆ. ಚುಚ್ಚುವ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಜೆಲ್ ಹಚ್ಚಿದ ಪ್ರೋಬ್ ಪಕ್ಕೆಲುಬಿನ ಕೆಳಗೆ ಜಾರುತ್ತದೆ, ಪರದೆಯ ಮೇಲೆ ಬೂದು ಬಣ್ಣದ ಲಿವರ್ ನಡುವೆ ಕಪ್ಪು ವೃತ್ತ. ಸೂಜಿ ನೇರವಾಗಿ ಸಿಸ್ಟ್ ಹೊರಗುಬ್ಬಿದ ಕಡೆ ಹೋಗುವುದಿಲ್ಲ. ಬೇಕೆಂದೇ ಲಿವರ್‌ನ ಒಳ್ಳೆಯ ಮಾಂಸವನ್ನು ಹಾಯ್ದು ಸುತ್ತುಬಳಸಿ ಹೋಗುತ್ತದೆ. ಹೊರಗೆಳೆದಾಗ ಆ ಮಾಂಸವೇ ರಂಧ್ರವನ್ನು ಮುಚ್ಚಿಕೊಂಡು ಸೋರಿಕೆ ತಡೆಯುತ್ತದೆ.

ಮೊದಲ ಹತ್ತು ಹದಿನೈದು ಮಿಲಿಲೀಟರ್ ಸಿರಿಂಜಿಗೆ ಬಂದಾಗ ಎಲ್ಲರ ಕಣ್ಣೂ ಅದರ ಬಣ್ಣದ ಮೇಲೆ. ತಿಳಿಯಾಗಿದ್ದರೆ ಸಮಾಧಾನ. ಹಳದಿಯಿದ್ದರೆ ಪಿತ್ತರಸ ಬೆರೆತಿದೆ ಎಂದರ್ಥ, ಆಗ ಮದ್ದು ಬಿಡುವ ಮಾತೇ ಇಲ್ಲ. ಒಂದು ಹನಿ ಸೂಕ್ಷ್ಮದರ್ಶಕದ ಕೆಳಗೆ ಹೋಗುತ್ತದೆ. ಅಲ್ಲಿ ಕೊಕ್ಕೆಗಳ ಉಂಗುರ ತೊಟ್ಟ ಪುಟ್ಟ ತಲೆಗಳು ಮಿಸುಕಾಡುತ್ತಿರುವುದು ಕಾಣಬಹುದು. ನೀರು ಇಳಿದಂತೆ ಪರದೆಯ ಮೇಲಿನ ವೃತ್ತ ಸೊರಗಿ, ಒಳಪೊರೆ ಗೋಡೆಯಿಂದ ಕಳಚಿ ತೇಲಾಡುತ್ತದೆ. ವೈದ್ಯರು ಇದಕ್ಕೆ ನೈದಿಲೆಯ ಹೆಸರಿಟ್ಟಿದ್ದಾರೆ. ತೆಗೆದ ನೀರಿನ ಮೂರನೆಯ ಒಂದು ಪಾಲಿನಷ್ಟು ಆಲ್ಕೊಹಾಲ್ ಇಲ್ಲವೇ ಗಾಢ ಉಪ್ಪುನೀರು ಒಳಗೆ ಹೋಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾದು ಅದನ್ನೂ ಹೀರಿ ತೆಗೆಯುತ್ತಾರೆ. ಹತ್ತು ಸೆಂ.ಮೀ. ಮೀರಿದ ದೊಡ್ಡ ಸಿಸ್ಟಾದರೆ ಸೂಜಿ ಸಾಲದು, ತೆಳ್ಳನೆಯ ಕೊಳವೆಯೊಂದನ್ನು ಒಳಗೇ ಬಿಟ್ಟು, ಒಸರುವುದು ನಿಂತ ಮೇಲೆ ಎಳೆಯುತ್ತಾರೆ.

ಎಲ್ಲ ಹೈಡಾಟಿಡ್‌ಗೂ ಇದು ಒಗ್ಗುವುದಿಲ್ಲ. ಐದು ಸೆಂ.ಮೀ.ಗಿಂತ ಚಿಕ್ಕದಾಗಿದ್ದು ಒಳಗೆ ಬರೀ ನೀರಿದ್ದರೆ ಮಾತ್ರೆಯೇ ಸಾಕಾಗಬಹುದು. ಹಳೆಯದಾಗಿ ಗಟ್ಟಿಯಾಗಿ, ಸುಣ್ಣ ಕಟ್ಟಿದ್ದರೆ ಹುಳು ಬಹುಮಟ್ಟಿಗೆ ಸತ್ತಿರುತ್ತದೆ, ಅದನ್ನು ಕೆಣಕದೆ ಬಿಡುವುದೇ ವಿವೇಕ. ಕಷ್ಟ ಕೊಡುವುದು ಒಳಗೆ ಮರಿಸಿಸ್ಟ್‌ಗಳು ತುಂಬಿಕೊಂಡಿರುವ ಹಂತ. ಒಂದನ್ನು ಚುಚ್ಚಿದರೆ ಪಕ್ಕದ್ದು ಹಾಗೇ ಉಳಿಯುತ್ತದೆ. ಇಂಥಲ್ಲಿ ದಪ್ಪ ಕೊಳವೆ ಹಾಕಿ ಪೊರೆಗಳನ್ನೇ ಹೀರಿ ತೆಗೆಯುವ ವಿಧಾನವನ್ನು ಟರ್ಕಿಯವರು ಬೆಳೆಸಿದರೆ, ಲ್ಯಾಪರೊಸ್ಕೋಪಿಯಲ್ಲಿ ಚೆಲ್ಲದಂತೆ ತೆಗೆಯುವ ಸಲಕರಣೆಯನ್ನು ಕೊಯಮತ್ತೂರಿನ ಡಾ. ಸಿ. ಪಳನಿವೇಲು ರೂಪಿಸಿದರು. ಅವರ ಹೆಸರಿನಲ್ಲೇ ಕರೆಯುವ ಆ ಕೊಳವೆ ಸಿಸ್ಟ್‌ನ ಗೋಡೆಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಸುತ್ತ ಸೋರಿದ ಹನಿಯನ್ನೂ ಅದರ ಪಕ್ಕದ ಹೀರುನಾಳ ಎಳೆದುಕೊಳ್ಳುತ್ತದೆ. ಇದರ ವಿವರ ಪ್ರಕಟವಾದದ್ದು 2006ರಲ್ಲಿ. ಫಿನ್ಸೆನ್ ಕ್ಷಾರದಿಂದ ಸುಟ್ಟು ಸಾಧಿಸಿದ್ದನ್ನೇ ಇದು ನಿರ್ವಾತದಿಂದ ಸಾಧಿಸುತ್ತದೆ. ಸಿಸ್ಟ್ ಪಿತ್ತನಾಳಕ್ಕೆ ಒಡೆದುಕೊಂಡಿದ್ದರೆ, ಶ್ವಾಸಕೋಶದ ಕಡೆ ಕೊರೆದಿದ್ದರೆ ಹಳೆಯ ದೊಡ್ಡ ಆಪರೇಷನ್ನೇ ಗತಿ. ಅಂಥ ರೋಗಿಗೂ ‘ಕೀಹೋಲೇ ಮಾಡಿ’ ಎಂದು ಮನೆಯವರು ಹಟ ಹಿಡಿಯುವುದಿದೆ. ಗಾಯದ ಉದ್ದ ನೋಡಿ ಚಿಕಿತ್ಸೆಯ ಗುಣ ಅಳೆಯುವ ಚಾಳಿ ಹೊಸದು.

ಸೂಜಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಶಾಲೆಯಲ್ಲಿ ಜಂತುಹುಳಕ್ಕೆ ಮಕ್ಕಳಿಗೆ ಒಂದೇ ಒಂದು ಕೊಡುವ ಅದೇ ಅಲ್ಬೆಂಡಜೋಲ್ ಮಾತ್ರೆಯನ್ನು ಇಲ್ಲಿ ದಿನಕ್ಕೆ ಎರಡರಂತೆ, ಎಣ್ಣೆ ಜಿಡ್ಡಿನ ಊಟದ ಜೊತೆ, ಕನಿಷ್ಠ ಒಂದು ತಿಂಗಳು ನುಂಗಬೇಕು. ಜಿಡ್ಡಿಲ್ಲದಿದ್ದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುನಡುವೆ ರಕ್ತಪರೀಕ್ಷೆ ಬೇಕು, ಬಸುರಿಯರಿಗೆ ಕೊಡುವಂತಿಲ್ಲ. ಆಮೇಲೆ ವರ್ಷಗಳ ಕಾಲ ಸ್ಕ್ಯಾನ್ ಮಾಡಿಸುತ್ತಿರಬೇಕು. ಆರಾಮಾದ ಮೇಲೆ ಯಾರು ಬರುತ್ತಾರೆ? ಹಿಂಡಿನ ಹಿಂದೆ ಊರೂರು ಅಲೆಯುವ ಕುರುಬರಂತೂ ಮುಂದಿನ ತಪಾಸಣೆಯ ದಿನ ಯಾವ ಹೊಲದಲ್ಲಿ ಕುರಿ ತರುಬಿರುತ್ತಾರೋ.

ಮನೆಗೆ ಮರಳಿದ ರೋಗಿಯನ್ನು ಎದುರುಗೊಳ್ಳುವುದು ಅದೇ ನಾಯಿ ಎಂಬುದನ್ನು ಆಸ್ಪತ್ರೆಯ ಚೀಟಿಗಳು ಬರೆಯುವುದೇ ಇಲ್ಲ. ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದೂ ಐಸ್‌ಲ್ಯಾಂಡೇ. ಡೆನ್ಮಾರ್ಕಿನ ಹರಾಲ್ಡ್ ಕ್ರಾಬ್ 1863ರಲ್ಲಿ ಅಲ್ಲಿಗೆ ಹೋಗಿ ನೂರು ನಾಯಿಗಳನ್ನು ಕೊಯ್ದು ನೋಡಿದಾಗ 28ರಲ್ಲಿ ಈ ಹುಳು ಸಿಕ್ಕಿತು. ಮರುವರ್ಷ, ಗುಳ್ಳೆಯಿರುವ ಒಳಾಂಗವನ್ನು ನಾಯಿಗೆ ಹಾಕದೆ ಸುಡಬೇಕು ಇಲ್ಲವೇ ಹೂಳಬೇಕು ಎಂದು ತಿಳಿಸುವ ಪುಟ್ಟ ಪುಸ್ತಿಕೆಯನ್ನು ಮನೆಮನೆಗೆ ಪುಕ್ಕಟೆ ಹಂಚಲಾಯಿತು. ಓದುಬರಹ ಬಲ್ಲ ಜನ, ಉದ್ದನೆಯ ಚಳಿಗಾಲದ ರಾತ್ರಿಗಳು. ಓದಿದರು, ಪಾಲಿಸಿದರು. ಆಮೇಲೆ ನಾಯಿಗಳ ಸಂಖ್ಯೆ ತಗ್ಗಿಸುವ, ಅವಕ್ಕೆ ಹುಳುವಿನ ಮದ್ದು ಕೊಡುವ ಕಾನೂನುಗಳೂ ಬಂದವು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಹೈಡಾಟಿಡ್ ಇದ್ದ ಆ ದ್ವೀಪದಿಂದ ರೋಗ 20ನೇ ಶತಮಾನದಲ್ಲಿ ಕಾಲ್ತೆಗೆಯಿತು.

ನಮ್ಮಲ್ಲಿ ಪಶುವೈದ್ಯರ ಬಳಿ ಸಿಗುವ ಪ್ರಾಜಿಕ್ವಾಂಟೆಲ್ ಮಾತ್ರೆ ನಾಯಿಯ ಕರುಳಿನ ಈ ಹುಳುವನ್ನು ಚೆನ್ನಾಗಿ ಕೊಲ್ಲುತ್ತದೆ. ನಾಯಿ ಸೋಂಕಿತ ಲಿವರ್ ತಿಂದ ಸುಮಾರು ಆರು ವಾರಕ್ಕೆ ಹುಳು ಮೊಟ್ಟೆಯಿಡಲು ತೊಡಗುವುದರಿಂದ, ಹಿಂಡಿನ ಜೊತೆಗಿರುವ ನಾಯಿಗಳಿಗೆ ಆರು ವಾರಕ್ಕೊಮ್ಮೆ ಕೊಡುವುದು ಲೆಕ್ಕ. ಆದರೆ ಮಾತ್ರೆ ಹುಳುವನ್ನಷ್ಟೇ ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು.